ರೋಗಿಯ ಮಂಚವೇ ಬಲಿಪೀಠ: ಸಂತ ಕಮಿಲ್ಲಸ್

ನಿಮ್ಮ ಮನೆಯವರೊಬ್ಬರು ಆಸ್ಪತ್ರೆಯಲ್ಲಿ ಮಲಗಿದ್ದಾಗ ಗುರುಗಳು ಪರಮಪ್ರಸಾದ ತಂದುಕೊಟ್ಟದ್ದು ನಿಮಗೆ ನೆನಪಿರಬಹುದು. ಆ ಗುರುಗಳ ಊಟ, ವಸತಿ, ಓಡಾಟದ ಖರ್ಚನ್ನು ಹೊರುವವರು ಯಾರೆಂದು ಎಂದಾದರೂ ಯೋಚಿಸಿದ್ದೀರಾ? ಆಸ್ಪತ್ರೆಯೇ ಸಂಬಳ ಕೊಡಬೇಕೇ, ಧರ್ಮಸಭೆ ಹೊರಬೇಕೇ ಎಂಬ ಚರ್ಚೆ ಇಂದು ಕೆಲವು ದೇಶಗಳಲ್ಲಿ ನಡೆದಿದೆ. ಇಂಥದೇ ಪ್ರಶ್ನೆಯನ್ನು ನಾಲ್ಕು ಶತಮಾನಗಳ ಹಿಂದೆ ಎದುರಿಸಿದವರು ಸಂತ ಕಮಿಲ್ಲಸ್.

1550ರ ಮೇ 25ರಂದು ಇಟಲಿಯ ಬುಕ್ಕಿಯಾನಿಕೋದಲ್ಲಿ ಹುಟ್ಟಿದ ಅವರು ತಂದೆಯಂತೆಯೇ ಸೈನಿಕರಾದರು, ಜೂಜಿಗೂ ದಾಸರಾದರು. ಕಾಲಿನಲ್ಲಿ ವಾಸಿಯಾಗದ ಹುಣ್ಣು. ಚಿಕಿತ್ಸೆಗೆಂದು ರೋಮಿನ ಸಂತ ಯಾಕೋಬರ ಆಸ್ಪತ್ರೆ ಸೇರಿ, ಅಲ್ಲೇ ಆಳಾಗಿ ದುಡಿದರು. ಆದರೆ ಜಗಳಗಂಟರೆಂದು ಅವರನ್ನು ಹೊರಗೆ ಕಳುಹಿಸಲಾಯಿತು. 1574ರಲ್ಲಿ ನೇಪಲ್ಸ್‌ನಲ್ಲಿ ಇದ್ದಬದ್ದದ್ದನ್ನೆಲ್ಲ ಜೂಜಾಡಿ ಕಳೆದುಕೊಂಡು, ಕಪುಚಿನ್ ಮಠದ ಕಟ್ಟಡ ಕೆಲಸಕ್ಕೆ ಕೂಲಿಯಾಗಿ ನಿಂತರು. 1575ರ ಫೆಬ್ರವರಿ 2ರಂದು ಅವರ ಮನಸ್ಸು ದೇವರತ್ತ ತಿರುಗಿತು. ಕಪುಚಿನ್ ಸಭೆ ಸೇರಲು ಆಶಿಸಿದರು. ಕಾಲಿನ ಹುಣ್ಣು ಬಿಡಲಿಲ್ಲ. ಮತ್ತೆ ಅದೇ ಆಸ್ಪತ್ರೆಗೆ ಮರಳಿ, ಕಾಲಕ್ರಮದಲ್ಲಿ ಅದರ ಮೇಲ್ವಿಚಾರಕರಾದರು.

ಅಲ್ಲಿ ಅವರು ಕಂಡದ್ದೇನು? ಸಂಬಳದ ಆಳುಗಳು ರೋಗಿಗಳನ್ನು ಕಡೆಗಣಿಸುತ್ತಿದ್ದರು. ಹಣಕ್ಕಾಗಿಯಲ್ಲ, ದೇವರ ಪ್ರೀತಿಗಾಗಿ ಸೇವೆ ಮಾಡುವ ಬಳಗವೊಂದನ್ನು ಕಟ್ಟುವ ಆಲೋಚನೆ 1582ರಲ್ಲಿ ಅವರಿಗೆ ಹೊಳೆಯಿತು. 1584ರಲ್ಲಿ ಗುರುದೀಕ್ಷೆ ಪಡೆದರು. 1586ರಲ್ಲಿ ಪೋಪ್ ಐದನೇ ಸಿಕ್ಸ್ತಸ್‌ರವರು ಈ ಬಳಗಕ್ಕೆ ಮನ್ನಣೆ ಕೊಟ್ಟರು. ನಿಲುವಂಗಿಯ ಮೇಲೆ ಕೆಂಪು ಶಿಲುಬೆ ಧರಿಸಲು ಅನುಮತಿಯೂ ದೊರೆಯಿತು. 1591ರಲ್ಲಿ ಅದು ಧಾರ್ಮಿಕ ಸಭೆಯಾಯಿತು. ಪ್ರಾಣಾಪಾಯವಿದ್ದರೂ ರೋಗಿಗಳ ಸೇವೆ ಬಿಡೆವೆಂಬುದು ಅವರ ನಾಲ್ಕನೆಯ ವ್ರತ.

ಇಷ್ಟಾದರೂ ಸಭೆಯೊಳಗೇ ಭಿನ್ನಾಭಿಪ್ರಾಯ ಬಂತು. ಪಾಪನಿವೇದನೆ ಕೇಳಿ, ಸಂಸ್ಕಾರಗಳನ್ನು ನೀಡಿ ಬಂದರೆ ಸಾಲದೇ? ಉಳಿದದ್ದನ್ನು ಆಳುಗಳು ನೋಡಿಕೊಳ್ಳಲಿ ಎಂದು ಕೆಲವರು ವಾದಿಸಿದರು. ಕಮಿಲ್ಲಸ್ ಒಪ್ಪಲಿಲ್ಲ. ಉಣಿಸುವುದು, ಹಾಸಿಗೆ ಸರಿಪಡಿಸುವುದು, ಮೈ ಒರೆಸುವುದು, ಎಲ್ಲವನ್ನೂ ತಾವೇ ಮಾಡಬೇಕು, ಹಗಲಿರುಳು ಅಲ್ಲೇ ಇರಬೇಕು ಎಂಬುದು ಅವರ ಹಟ. 1594ರಲ್ಲಿ ಮಿಲಾನಿನ ದೊಡ್ಡ ಆಸ್ಪತ್ರೆಯಲ್ಲಿ ಇಂಥ ಪೂರ್ಣ ಸೇವೆಗೆ ಅವರು ಒಪ್ಪಿಕೊಂಡಾಗ ಈ ವಿವಾದ ಬಲವಾಯಿತು. ಜೊತೆಗೆ ಸಭೆಯ ಸಾಲವೂ ಏರಿತ್ತು. 1607ರಲ್ಲಿ ಶ್ರೇಷ್ಠಾಧಿಕಾರಿಯ ಹುದ್ದೆ ತೊರೆದರು, ರೋಗಿಗಳನ್ನು ತೊರೆಯಲಿಲ್ಲ. 1614ರ ಜುಲೈ 14ರಂದು ರೋಮಿನಲ್ಲಿ ಕಣ್ಣುಮುಚ್ಚಿದರು. 1746ರಲ್ಲಿ ಸಂತರೆಂದು ಘೋಷಿತರಾದರು. 1886ರಲ್ಲಿ ದೇವರ ಸಂತ ಯೊವಾನ್ನರೊಂದಿಗೆ ರೋಗಿಗಳ ಹಾಗೂ ಆಸ್ಪತ್ರೆಗಳ ಪಾಲಕರಾದರು.

ಓದುಗರೇ, ಪ್ರೀತಿಯ ಸೇವೆಗೂ ಖರ್ಚುಂಟು ಎಂಬುದನ್ನು ಆ ಸಾಲ ನಮಗೆ ತಿಳಿಸುತ್ತದೆ. ಸಂಬಳ ಪಡೆಯುವುದು ತಪ್ಪಲ್ಲ. ಸಂಬಳದಷ್ಟೇ ಸೇವೆ ಎನ್ನುವುದು ತಪ್ಪು. ಆಸ್ಪತ್ರೆಗೆ ಹೋಗುವ ಗುರುಗಳ, ಕನ್ಯಾಸ್ತ್ರೀಯರ ಭಾರವನ್ನು ನಮ್ಮ ಧರ್ಮಕೇಂದ್ರ ಎಷ್ಟು ಹೊತ್ತಿದೆ? ಪಕ್ಕದ ಮಂಚದ ಅನ್ಯಧರ್ಮೀಯ ರೋಗಿಗೂ ಒಂದು ಲೋಟ ನೀರು ಕೊಟ್ಟಿದ್ದೇವೆಯೇ? ಈ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಹೋಗುವ ಮುನ್ನ ಯೋಚಿಸಿ ನೋಡಿ.