ಕಂಪೈಲರ್ ಅಜ್ಜಿ ಗ್ರೇಸ್ ಹಾಪರ್

ಫಸ್ಟ್ ಇಯರ್‌ನವರ ಸಿ ಲ್ಯಾಬ್ ಶುರುವಾಗಿ ಎರಡು ಮೂರು ವಾರ ಆಯ್ತು ಅಂದ್ರೆ ಹಾಸ್ಟೆಲ್‌ನಲ್ಲಿ, ಕ್ಯಾಂಟೀನ್‌ನಲ್ಲಿ ಒಂದು ಮಾತು ಕೇಳಿಸೋಕೆ ಶುರುವಾಗುತ್ತೆ. ಕೋಡಿಂಗ್ ನನ್ನ ತಲೆಗೆ ಹತ್ತಲ್ಲ ಕಣೋ ಅಂತ. ಹತ್ತು ಸಾಲಿನ ಪ್ರೋಗ್ರಾಂಗೆ ಇಪ್ಪತ್ತು ಎರರ್ ಬಂದರೆ ಯಾರಿಗಾದರೂ ಹಾಗೇ ಅನಿಸುತ್ತೆ. ಪಿಯುಸಿವರೆಗೆ ಕಂಪ್ಯೂಟರ್ ಮುಟ್ಟದೇ ಬಂದವರಿಗೆ, ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಇನ್ನೂ ಜಾಸ್ತಿ. ಪಕ್ಕದ ಸಿಸ್ಟಂನಲ್ಲಿ ಔಟ್‌ಪುಟ್ ಬಂದು ನಮ್ಮದರಲ್ಲಿ ಬರದಿದ್ದಾಗ, ತಪ್ಪು ಕೋಡ್‌ನಲ್ಲಿ ಇದೆಯಾ ಅಥವಾ ನಮ್ಮಲ್ಲೇ ಇದೆಯಾ ಅನ್ನೋ ಅನುಮಾನ ಹುಟ್ಟುತ್ತೆ. ಕೆಲವರು ಅಲ್ಲಿಗೇ ಕೈಬಿಟ್ಟು ರೆಕಾರ್ಡ್ ಕಾಪಿ ಮಾಡೋಕೆ ಕೂರ್ತಾರೆ.

ಅಂಥವರಿಗಾಗಿ ನಾವು ಈ ಸಲ ಒಬ್ಬ ಅಜ್ಜಿಯ ಕಥೆ ತಂದಿದ್ದೇವೆ. ಮನುಷ್ಯ ಕೋಡ್ ಬರೆಯುವಾಗ ತಪ್ಪು ಮಾಡಿಯೇ ಮಾಡ್ತಾನೆ, ಅದಕ್ಕೆ ಬೇಜಾರು ಮಾಡಿಕೊಳ್ಳೋ ಬದಲು ಆ ಕೆಲಸವನ್ನು ಯಂತ್ರಕ್ಕೇ ವಹಿಸೋಣ ಎಂದು ಹೊರಟವರು ಇವರು. ನಾವು ದಿನಾ ಬೈಯುವ ಕಂಪೈಲರ್ ಹುಟ್ಟಿದ್ದೇ ಅಂಥ ಯೋಚನೆಯಿಂದ.

ಏಳು ಗಡಿಯಾರ

ಗ್ರೇಸ್ ಬ್ರೂಸ್ಟರ್ ಮರ್ರೆ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್‌ನಲ್ಲಿ. ಏಳು ವರ್ಷದವಳಿದ್ದಾಗ ಅಲಾರಂ ಗಡಿಯಾರ ಹೇಗೆ ಕೆಲಸ ಮಾಡುತ್ತೆ ಎಂದು ನೋಡೋಕೆ ಒಂದನ್ನು ಬಿಚ್ಚಿದಳು. ಮತ್ತೆ ಜೋಡಿಸೋಕೆ ಆಗಲಿಲ್ಲ. ಅದು ಹೇಗಿತ್ತು ಎಂದು ತಿಳಿಯೋಕೆ ಇನ್ನೊಂದು ಬಿಚ್ಚಿದಳು. ಹೀಗೆ ಮನೆಯಲ್ಲಿದ್ದ ಏಳು ಗಡಿಯಾರಗಳೂ ಬಿಡಿಬಿಡಿಯಾದ ಮೇಲೆ ಅಮ್ಮನಿಗೆ ಗೊತ್ತಾಯ್ತು. ಅಮ್ಮ ಗಡಿಯಾರ ಬಿಚ್ಚೋದನ್ನು ನಿಲ್ಲಿಸಲಿಲ್ಲ, ಇನ್ನು ಮುಂದೆ ಒಂದೇ ಗಡಿಯಾರ ಎಂದು ಲಿಮಿಟ್ ಹಾಕಿದರು.

ವ್ಯಾಸರ್ ಕಾಲೇಜಿಗೆ ಮೊದಲ ಸಲ ಅರ್ಜಿ ಹಾಕಿದಾಗ ಲ್ಯಾಟಿನ್ ಪರೀಕ್ಷೆಯಲ್ಲಿ ಅಂಕ ಸಾಲದೆ ಸೀಟು ಸಿಗಲಿಲ್ಲ. ಮುಂದಿನ ವರ್ಷ ಸಿಕ್ಕಿತು. 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ, 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್‌.ಡಿ. ನಡುವೆ 1930ರಲ್ಲಿ ವಿನ್ಸೆಂಟ್ ಹಾಪರ್ ಜೊತೆ ಮದುವೆಯಾಯ್ತು. ಮುಂದೆ ಆ ಮದುವೆ ಮುರಿದುಬಿತ್ತು, ಹೆಸರು ಮಾತ್ರ ಉಳಿಯಿತು. 1931ರಿಂದ ವ್ಯಾಸರ್‌ನಲ್ಲೇ ಮೇಷ್ಟ್ರು ಕೆಲಸ.

ಎರಡನೇ ಮಹಾಯುದ್ಧ ಬರದಿದ್ದರೆ ಅವರು ಗಣಿತದ ಪ್ರೊಫೆಸರ್ ಆಗಿಯೇ ರಿಟೈರ್ ಆಗ್ತಿದ್ದರೇನೋ. ಯುದ್ಧ ಬಂತು, ಹಾಪರ್ ನೌಕಾಪಡೆ ಸೇರಲು ಹೊರಟರು. ವಯಸ್ಸು ಜಾಸ್ತಿ, ತೂಕ ನಿಯಮಕ್ಕಿಂತ ಸುಮಾರು 7 ಕಿಲೋ ಕಡಿಮೆ. ವಿಶೇಷ ಅನುಮತಿ ಪಡೆದು 1943ರ ಡಿಸೆಂಬರ್‌ನಲ್ಲಿ ಸೇರಿಯೇ ಬಿಟ್ಟರು. ತರಬೇತಿಯಲ್ಲಿ ತಮ್ಮ ಬ್ಯಾಚಿಗೇ ಮೊದಲಿಗರಾದರು.

ಪುಸ್ತಕವಿಲ್ಲದ ಮೊದಲ ಲ್ಯಾಬ್

1944ರಲ್ಲಿ ಅವರನ್ನು ಹಾಕಿದ್ದು ಹಾರ್ವರ್ಡ್‌ಗೆ, ಹೋವರ್ಡ್ ಐಕನ್ ಕೈಕೆಳಗೆ. ಅಲ್ಲಿದ್ದದ್ದು ಮಾರ್ಕ್ 1 ಎಂಬ ಯಂತ್ರ. 51 ಅಡಿ ಉದ್ದ, 8 ಅಡಿ ಎತ್ತರ, ಸೆಕೆಂಡಿಗೆ ಮೂರು ಕೂಡುವ ಲೆಕ್ಕ. ಹಾಪರ್ ಕಾಲಿಟ್ಟ ಕೂಡಲೇ ಐಕನ್ ಅವರಿಗೆ ಆರ್ಕ್‌ಟ್ಯಾನ್ ಸರಣಿಯ ಗುಣಾಂಕಗಳನ್ನು ಈ ಯಂತ್ರದಲ್ಲಿ ಮಾಡಿಕೊಡಲು ಹೇಳಿದರು. ಗಡುವು ಬರುವ ಗುರುವಾರ.

ಅವರು ಅಲ್ಲಿಯವರೆಗೆ ಕಂಪ್ಯೂಟರ್ ನೋಡಿಯೇ ಇರಲಿಲ್ಲ. ಕಲಿಯಲು ಪುಸ್ತಕ ಇರಲಿಲ್ಲ. ರಿಚರ್ಡ್ ಬ್ಲಾಕ್, ರಾಬರ್ಟ್ ಕ್ಯಾಂಪ್‌ಬೆಲ್ ಎಂಬ ಇಬ್ಬರು ಹುಡುಗರ ಪಕ್ಕ ಕೂತು ಕಲಿತರು. ವಯಸ್ಸಿನಲ್ಲಿ ತನಗಿಂತ ಚಿಕ್ಕವರನ್ನು ಕೇಳೋಕೆ ಈ ಪಿಎಚ್‌.ಡಿ. ಮೇಡಂಗೆ ಸಂಕೋಚವಾಗಲಿಲ್ಲ. ಆಮೇಲೆ ಆ ಯಂತ್ರಕ್ಕೆ ಮ್ಯಾನ್ಯುಯಲ್ ಬರೆಯುವ ಕೆಲಸವೂ ಅವರ ಮೇಲೇ ಬಿತ್ತು. 1946ರಲ್ಲಿ ಅದು 500ಕ್ಕೂ ಹೆಚ್ಚು ಪುಟಗಳ ಪುಸ್ತಕವಾಗಿ ಬಂತು.

ಮಾರ್ಕ್ 1ರಲ್ಲಿ ಪ್ರೋಗ್ರಾಂ ಅಂದ್ರೆ ಕಾಗದದ ಟೇಪಿನ ಮೇಲೆ ತೂತುಗಳು. ಲೂಪ್ ಬೇಕಾದರೆ ಟೇಪಿನ ಎರಡು ತುದಿಗಳನ್ನು ಅಂಟಿಸಿ ನಿಜವಾದ ಬಳೆ ಮಾಡುತ್ತಿದ್ದರು. ನಮ್ಮ ವೈಲ್ ಲೂಪ್‌ನಲ್ಲಿ ಐ ಪ್ಲಸ್ ಪ್ಲಸ್ ಬರೆಯೋಕೆ ಮರೆತರೆ ಸ್ಕ್ರೀನ್ ನಿಲ್ಲದೇ ಓಡುತ್ತಲ್ಲ, ಆಗ ಆ ಕಾಗದದ ಬಳೆಯನ್ನು ನೆನೆಸಿಕೊಳ್ಳಿ. ಸುತ್ತುವುದನ್ನು ಯಾವಾಗ ನಿಲ್ಲಿಸಬೇಕು ಎಂದು ಹೇಳದಿದ್ದರೆ ಯಂತ್ರ ತಾನಾಗಿ ನಿಲ್ಲಿಸಲ್ಲ. ಕಂಟ್ರೋಲ್ ಸಿ ಒತ್ತಿ, ಕಂಡೀಷನ್‌ನಲ್ಲಿರುವ ವೇರಿಯಬಲ್ ಲೂಪ್ ಒಳಗೆ ಬದಲಾಗ್ತಿದೆಯಾ ನೋಡಿ.

ಚಿಟ್ಟೆಯ ವಿಷಯ

ಬಗ್ ಅಂದ ಕೂಡಲೇ ಹಾಪರ್ ಹೆಸರು ಬರುತ್ತೆ. ನಡೆದದ್ದು ಇಷ್ಟು: 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಯಂತ್ರ ಕೆಟ್ಟಾಗ, ಹುಡುಕುತ್ತಾ ಹೋದವರಿಗೆ ಒಂದು ರಿಲೇಯೊಳಗೆ ಸಿಕ್ಕಿ ಸತ್ತ ಪತಂಗ ಕಾಣಿಸಿತು. ಅದನ್ನು ತೆಗೆದು ಲಾಗ್ ಪುಸ್ತಕಕ್ಕೆ ಅಂಟಿಸಿದರು. ಪತಂಗವನ್ನು ಹಿಡಿದದ್ದು ಹಾಪರ್ ಅಲ್ಲ, ಬಗ್ ಎಂಬ ಪದವೂ ಆಗ ಹೊಸದಲ್ಲ. ಎಡಿಸನ್ ಕಾಲದಲ್ಲೇ ಎಂಜಿನಿಯರ್‌ಗಳು ಅದನ್ನು ಬಳಸುತ್ತಿದ್ದರು. ಹಾಪರ್ ಈ ಕಥೆಯನ್ನು ಹೋದಲ್ಲೆಲ್ಲ ಸೊಗಸಾಗಿ ಹೇಳಿ ಹೆಸರುವಾಸಿ ಮಾಡಿದರು, ಅಷ್ಟೇ.

ನಮಗೆ ಇದರಲ್ಲಿ ಮುಖ್ಯ ಅನಿಸೋದು ಆ ಲಾಗ್ ಪುಸ್ತಕ. ಎಷ್ಟು ಗಂಟೆಗೆ ಏನು ಓಡಿಸಿದೆವು, ಎಲ್ಲಿ ನಿಂತಿತು ಎಂದು ಅವರು ಬರೆದಿಡುತ್ತಿದ್ದರು. ನಮ್ಮ ಪ್ರೋಗ್ರಾಂ ಕಂಪೈಲ್ ಆಗಿಯೂ ತಪ್ಪು ಉತ್ತರ ಕೊಡುವಾಗ ಇದೇ ದಾರಿ. ಇಫ್ ಒಳಗೆ ಎರಡು ಈಕ್ವಲ್ ಬದಲು ಒಂದೇ ಹಾಕಿದರೆ ಕಂಪೈಲರ್ ಅದನ್ನು ಎರರ್ ಅನ್ನಲ್ಲ, ಯಾಕಂದ್ರೆ ಸಿ ಭಾಷೆಯಲ್ಲಿ ಅದೂ ಸರಿಯಾದ ವಾಕ್ಯ. ವಾಲ್ ಎಂಬ ವಾರ್ನಿಂಗ್ ಫ್ಲ್ಯಾಗ್ ಹಾಕಿ ಕಂಪೈಲ್ ಮಾಡಿದರೆ ಜಿಸಿಸಿ ಎಚ್ಚರಿಸುತ್ತೆ. ಅದರಿಂದಲೂ ಸಿಗದಿದ್ದರೆ ನಡುನಡುವೆ ಪ್ರಿಂಟ್‌ಎಫ್ ಹಾಕಿ ಬೆಲೆಗಳನ್ನು ನೋಡಿ. ಒಂದೇ ಸಲ ನಾಲ್ಕು ಕಡೆ ತಿದ್ದಬೇಡಿ. ಒಂದನ್ನು ತಿದ್ದಿ, ಓಡಿಸಿ, ಬರೆದಿಟ್ಟುಕೊಳ್ಳಿ.

ಕಂಪೈಲರ್ ಯಾಕೆ ಬೇಕಾಯ್ತು?

ಹಾರ್ವರ್ಡ್‌ನಲ್ಲಿ ಸೈನ್ ಲೆಕ್ಕದಂಥ ತುಣುಕುಗಳನ್ನು ಒಮ್ಮೆ ಬರೆದ ಮೇಲೆ ಪ್ರೋಗ್ರಾಮರ್‌ಗಳು ನೋಟ್‌ಬುಕ್‌ನಲ್ಲಿ ಇಟ್ಟುಕೊಳ್ಳುತ್ತಿದ್ದರು. ಬೇಕಾದಾಗ ಒಬ್ಬರ ನೋಟ್‌ಬುಕ್‌ನಿಂದ ಇನ್ನೊಬ್ಬರು ಕೈಯಲ್ಲಿ ನಕಲು ಮಾಡಿಕೊಳ್ಳುತ್ತಿದ್ದರು. ಮುಂದೆ ಈ ಪದ್ಧತಿಯ ತೊಂದರೆ ಹಾಪರ್ ಕಣ್ಣಿಗೆ ಬಿತ್ತು. ಒಂದು, ತುಣುಕು ಹೊಸ ಜಾಗಕ್ಕೆ ಬಂದಾಗ ಅದರ ಅಡ್ರೆಸ್‌ಗಳಿಗೆಲ್ಲ ಒಂದು ಸಂಖ್ಯೆ ಕೂಡಿಸಬೇಕು, ಜನ ಕೂಡಿಸುವಾಗ ತಪ್ಪುತ್ತಾರೆ. ಎರಡು, ನಕಲು ಮಾಡುವಾಗಲೂ ತಪ್ಪುತ್ತಾರೆ. ಬಿ ಅಕ್ಷರ 13 ಆಗಿಬಿಡುತ್ತೆ, ಖಾಲಿ ಜಾಗದ ಡೆಲ್ಟಾ ಗುರುತು 4 ಆಗಿಬಿಡುತ್ತೆ. ಆ ಕಾಲದ ಅತಿ ಬುದ್ಧಿವಂತ ಗಣಿತಜ್ಞರು ಮಾಡುತ್ತಿದ್ದ ತಪ್ಪುಗಳು ಇವು! ನಾವು ಸೆಮಿಕೋಲನ್ ಬದಲು ಕೋಲನ್ ಹಾಕೋದು, ಸೊನ್ನೆ ಬದಲು ಓ ಅಕ್ಷರ ಹಾಕೋದು ಇದೇ ಜಾತಿಯವು.

1949ರಲ್ಲಿ ಹಾಪರ್ ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಕಂಪನಿ ಸೇರಿದರು. ಅಲ್ಲಿ ಯುನಿವ್ಯಾಕ್ ತಯಾರಾಗುತ್ತಿತ್ತು. ಅದಕ್ಕಾಗಿ 1951-52ರಲ್ಲಿ ಅವರು ಎ-0 ಎಂಬ ಪ್ರೋಗ್ರಾಂ ಕಟ್ಟಿದರು. ಪ್ರತಿ ತುಣುಕಿಗೂ ಒಂದು ಕರೆಯುವ ಗುರುತು. ಆ ಗುರುತು ಬರೆದರೆ ಸಾಕು, ಯಂತ್ರವೇ ಲೈಬ್ರರಿ ಟೇಪಿನಿಂದ ತುಣುಕನ್ನು ಹುಡುಕಿ ತಂದು, ಅಡ್ರೆಸ್ ಸರಿಮಾಡಿ, ಎಲ್ಲವನ್ನೂ ಜೋಡಿಸಿ ಪ್ರೋಗ್ರಾಂ ಮಾಡಿಕೊಡುತ್ತಿತ್ತು. ತುಣುಕುಗಳ ಸಂಕಲನ ಮಾಡುವುದರಿಂದ ಅದಕ್ಕೆ ಕಂಪೈಲರ್ ಎಂಬ ಹೆಸರು. ಕಂಪ್ಯೂಟರ್ ಲೆಕ್ಕ ಮಾಡಬಹುದು, ಪ್ರೋಗ್ರಾಂ ಬರೆಯೋದುಂಟಾ ಎಂದು ಹೆಚ್ಚಿನವರು ನಂಬಲೇ ಇಲ್ಲ.

ಇವತ್ತಿನ ಲೆಕ್ಕದಲ್ಲಿ ಎ-0 ಮಾಡುತ್ತಿದ್ದದ್ದು ಹೆಚ್ಚಾಗಿ ಲಿಂಕರ್ ಕೆಲಸ. ಇದು ತಿಳಿದರೆ ನಮ್ಮ ಲ್ಯಾಬಿನ ಒಂದು ದೊಡ್ಡ ಗೊಂದಲ ಹೋಗುತ್ತೆ. ಪ್ರೋಗ್ರಾಂನಲ್ಲಿ ಎಲ್ಲ ಸರಿ ಇದೆ, ಮ್ಯಾಥ್ ಹೆಡರ್ ಫೈಲೂ ಹಾಕಿದ್ದೇವೆ, ಆದರೂ ಲಿನಕ್ಸ್‌ನಲ್ಲಿ ಸ್ಕ್ವೇರ್ ರೂಟ್ ಫಂಕ್ಷನ್‌ಗೆ ಅನ್‌ಡಿಫೈನ್ಡ್ ರೆಫರೆನ್ಸ್ ಅಂತ ಬರುತ್ತೆ. ಹೆಡರ್ ಫೈಲ್ ಹೇಳೋದು ಇಂಥ ಒಂದು ಫಂಕ್ಷನ್ ಇದೆ ಎಂದು ಮಾತ್ರ. ಆ ತುಣುಕನ್ನು ತರಲು ಲಿಂಕರ್‌ಗೆ ಲೈಬ್ರರಿ ತೋರಿಸಬೇಕು. ಕಮಾಂಡ್‌ನಲ್ಲಿ ಫೈಲ್ ಹೆಸರಿನ ನಂತರ ಮೈನಸ್ ಎಲ್‌ಎಂ ಸೇರಿಸಿ, ಸರಿಹೋಗುತ್ತೆ. ಎರರ್‌ನಲ್ಲಿ ಸಾಲಿನ ನಂಬರ್ ಇದ್ದು ಸಿಂಟ್ಯಾಕ್ಸ್ ಬಗ್ಗೆ ಹೇಳ್ತಿದ್ದರೆ ದೂರು ಕಂಪೈಲರ್‌ದು, ಅನ್‌ಡಿಫೈನ್ಡ್ ರೆಫರೆನ್ಸ್ ಅಂದರೆ ದೂರು ಲಿಂಕರ್‌ದು.

ಅದೇ ದಿನಗಳ ಇನ್ನೊಂದು ಪ್ರಸಂಗ. ಹಾಪರ್ ಅವರ ಬ್ಯಾಂಕ್ ಲೆಕ್ಕ ಮೂರು ತಿಂಗಳಾದರೂ ತಾಳೆಯಾಗಲಿಲ್ಲ. ಬ್ಯಾಂಕಿಂಗ್‌ನಲ್ಲಿದ್ದ ತಮ್ಮ ಕೂತು ನೋಡಿದಾಗ ಗೊತ್ತಾದದ್ದು, ಅಕ್ಕ ಆಗಾಗ ಆಕ್ಟಲ್‌ನಲ್ಲಿ ಕಳೆದುಬಿಟ್ಟಿದ್ದಾರೆ ಎಂದು! ಆಫೀಸಿನಲ್ಲಿ ದಿನವಿಡೀ ಆಕ್ಟಲ್ ಸಂಖ್ಯೆಗಳ ಜೊತೆ ಏಗಿದ ಫಲ. ಯಂತ್ರ ಮನುಷ್ಯನ ಹತ್ತಿರ ಬರಬೇಕೇ ಹೊರತು ಮನುಷ್ಯ ಯಂತ್ರದ ಲೆಕ್ಕಕ್ಕೆ ಇಳಿಯಬಾರದು ಎಂದು ಅವರಿಗೆ ಗಟ್ಟಿಯಾಗಿ ಅನಿಸೋಕೆ ಇದೂ ಒಂದು ಕಾರಣ. ಸಿ ಭಾಷೆಯಲ್ಲಿ ಆ ಆಕ್ಟಲ್ ಇನ್ನೂ ಅಡಗಿ ಕೂತಿದೆ. ಸಂಖ್ಯೆಯ ಮುಂದೆ ಸೊನ್ನೆ ಹಾಕಿದರೆ ಅದು ಆಕ್ಟಲ್. 010 ಅಂದ್ರೆ ಎಂಟು. ಆಗಸ್ಟ್ ತಿಂಗಳೆಂದು 08 ಬರೆದರೆ ಎರರ್, ಯಾಕಂದ್ರೆ ಆಕ್ಟಲ್‌ನಲ್ಲಿ 8 ಎಂಬ ಅಂಕಿಯೇ ಇಲ್ಲ.

ಫ್ರೆಂಚ್ ಕಲಿತ ಕಂಪ್ಯೂಟರ್

ಮುಂದಿನ ಹೆಜ್ಜೆ, ಗಣಿತದ ಚಿಹ್ನೆ ಬಿಟ್ಟು ಇಂಗ್ಲಿಷ್ ಪದಗಳಲ್ಲಿ ಪ್ರೋಗ್ರಾಂ ಬರೆಯುವುದು. ವ್ಯಾಪಾರದ ಲೆಕ್ಕ ಬರೆಯುವವರಿಗೆ ಚಿಹ್ನೆಗಳು ಆಗಿಬರಲ್ಲ ಎಂಬುದು ಹಾಪರ್ ವಾದ. ಮುಂದೆ ಫ್ಲೋ-ಮ್ಯಾಟಿಕ್ ಆದ ಈ ಕೆಲಸದ ಮಾದರಿಯನ್ನು ಕಂಪನಿಯ ಹಿರಿಯರಿಗೆ ತೋರಿಸುವಾಗ, ಅವರ ತಂಡ ಅದೇ ಪ್ರೋಗ್ರಾಂ ಅನ್ನು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲೂ ಬರೆದು ಓಡಿಸಿತು. ಕಂಪೈಲರ್‌ಗೆ ಪದ ಅಂದ್ರೆ ಬರೀ ಬಿಟ್‌ಗಳ ಸಾಲು, ಯಾವ ಭಾಷೆಯಾದರೇನು ಎಂದು ತೋರಿಸೋದು ಉದ್ದೇಶ. ಹಿರಿಯರು ಖುಷಿಪಡುವ ಬದಲು ಗಾಬರಿಯಾದರು. ಅಮೆರಿಕದಲ್ಲಿ ತಯಾರಾದ ಕಂಪ್ಯೂಟರ್‌ಗೆ ಫ್ರೆಂಚ್, ಜರ್ಮನ್ ಅರ್ಥವಾಗೋದುಂಟೇ! ಮುಂದೆ ಇಂಗ್ಲಿಷ್ ಮಾತ್ರ ಎಂದು ಭರವಸೆ ಕೊಡಬೇಕಾಯ್ತು.

ಕನ್ನಡ ಸಂಘದವರಾದ ನಮಗೆ ಈ ಪ್ರಸಂಗ ತುಂಬಾ ಇಷ್ಟ. ಇಂಗ್ಲಿಷ್ ಬಂದರಷ್ಟೇ ಕೋಡಿಂಗ್ ಬರುತ್ತೆ ಎಂದು ಅಂಜುವವರು ಇದನ್ನು ನೆನಪಿಡಿ. ಸಿ ಭಾಷೆಯ ಹಳೆಯ ಸ್ಟ್ಯಾಂಡರ್ಡ್‌ನಲ್ಲಿ ಇರುವುದು 32 ಕೀವರ್ಡ್, ಅವು ಚಿಹ್ನೆಗಳಿದ್ದ ಹಾಗೆ. ಲಾಜಿಕ್ ಅನ್ನು ಮೊದಲು ಕನ್ನಡದಲ್ಲೇ ಕಮೆಂಟ್ ಆಗಿ ಬರೆಯಿರಿ, ಕಂಪೈಲರ್ ಅದನ್ನು ಬಿಟ್ಟು ಮುಂದೆ ಹೋಗುತ್ತೆ. ಆಮೇಲೆ ಒಂದೊಂದು ಸಾಲನ್ನೂ ಕೋಡ್ ಮಾಡಿ.

ಎಲ್ಲ ಯಂತ್ರಕ್ಕೂ ಒಂದೇ ಭಾಷೆ

1959ರ ಮೇ ತಿಂಗಳಲ್ಲಿ ಪೆಂಟಗನ್‌ನಲ್ಲಿ ಸಭೆ ಸೇರಿ, ವ್ಯಾಪಾರಕ್ಕೆ ಎಲ್ಲ ಕಂಪನಿಗಳ ಕಂಪ್ಯೂಟರ್‌ಗಳಲ್ಲೂ ಓಡುವ ಒಂದು ಭಾಷೆ ಬೇಕು ಎಂದು ತೀರ್ಮಾನವಾಯ್ತು. ಅದೇ ಕೋಬಾಲ್. ಅದನ್ನು ರೂಪಿಸಿದ್ದು ಒಂದು ಸಮಿತಿ. ಹಾಪರ್ ಸಲಹೆಗಾರರಾಗಿದ್ದರು, ಅವರ ಫ್ಲೋ-ಮ್ಯಾಟಿಕ್‌ನಿಂದ ಕೋಬಾಲ್ ಬಹಳಷ್ಟನ್ನು ಪಡೆಯಿತು. 1960ರ ಡಿಸೆಂಬರ್‌ನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಯುನಿವ್ಯಾಕ್ 2 ಮತ್ತು ಆರ್‌ಸಿಎ 501 ಎಂಬ ಬೇರೆ ಬೇರೆ ಕಂಪನಿಯ ಯಂತ್ರಗಳಲ್ಲಿ ಓಡಿತು.

1966ರ ಕೊನೆಗೆ ನೌಕಾಪಡೆ ಅವರನ್ನು ನಿವೃತ್ತಿ ಮಾಡಿತು. ಆದರೆ 1967ರಲ್ಲಿ ಆರು ತಿಂಗಳ ಮಟ್ಟಿಗೆ ಎಂದು ಮತ್ತೆ ಕರೆಸಿತು. ಒಬ್ಬೊಬ್ಬರ ಕೋಬಾಲ್ ಒಂದೊಂದು ಥರ ಆಗಿ, ಒಂದು ಕಡೆ ಓಡಿದ ಪ್ರೋಗ್ರಾಂ ಇನ್ನೊಂದು ಕಡೆ ಓಡುತ್ತಿರಲಿಲ್ಲ. ಕಂಪೈಲರ್‌ಗಳು ಸ್ಟ್ಯಾಂಡರ್ಡ್ ಪಾಲಿಸುತ್ತವೆಯೇ ಎಂದು ಪರೀಕ್ಷಿಸುವ ಪ್ರೋಗ್ರಾಂಗಳನ್ನು ಅವರ ತಂಡ ಮಾಡಿತು. ಆರು ತಿಂಗಳ ಕೆಲಸ, ನಡುವೆ ಒಂದು ಚಿಕ್ಕ ವಿರಾಮ ಬಿಟ್ಟರೆ, 1986ರವರೆಗೆ ಎಳೆಯಿತು.

ರೂಮಿನ ಟರ್ಬೊ ಸಿಯಲ್ಲಿ ಓಡಿದ್ದು ಲ್ಯಾಬಿನ ಜಿಸಿಸಿಯಲ್ಲಿ ಓಡಲ್ಲ ಎಂದು ಪರದಾಡುವವರ ರೋಗವೂ ಇದೇ. ಕೋನಿಯೋ ಹೆಡರ್, ಕ್ಲಿಯರ್ ಸ್ಕ್ರೀನ್, ಗೆಟ್‌ಚ್ ಇವು ಸಿ ಸ್ಟ್ಯಾಂಡರ್ಡ್‌ಗೆ ಸೇರಿದವಲ್ಲ. ಅವನ್ನು ತೆಗೆಯಿರಿ, ವಾಯ್ಡ್ ಮೇನ್ ಬದಲು ಇಂಟ್ ಮೇನ್ ಬರೆಯಿರಿ. ಎರರ್‌ಗಳ ಸಾಲು ಬಂದರೆ ಮೊದಲನೆಯದನ್ನು ಮಾತ್ರ ತಿದ್ದಿ ಮತ್ತೆ ಕಂಪೈಲ್ ಮಾಡಿ, ಉಳಿದವು ಹಲವು ಸಲ ಅದರ ಬಾಲಗಳೇ. ಹೇಳಿದ ಸಾಲಿನಲ್ಲಿ ತಪ್ಪು ಕಾಣದಿದ್ದರೆ ಅದರ ಮೇಲಿನ ಸಾಲಿನ ಕೊನೆ ನೋಡಿ, ಸೆಮಿಕೋಲನ್ ಬಿಟ್ಟಿರಬಹುದು.

ವಯಸ್ಸಾದ ಮೇಲೆ ಹಾಪರ್ ಊರೂರು ತಿರುಗಿ ಮಾತಾಡಿದರು. ಸುಮಾರು 30 ಸೆಂಟಿಮೀಟರ್ ಉದ್ದದ ಟೆಲಿಫೋನ್ ವೈರ್ ತುಂಡುಗಳನ್ನು ಹಂಚಿ, ಒಂದು ನ್ಯಾನೋಸೆಕೆಂಡ್‌ನಲ್ಲಿ ವಿದ್ಯುತ್ ಸಂಕೇತ ಹೆಚ್ಚೆಂದರೆ ಇಷ್ಟು ದೂರ ಹೋಗಬಲ್ಲದು ಎನ್ನುತ್ತಿದ್ದರು. ಆಫೀಸಿನಲ್ಲಿ ಹಿಮ್ಮುಖವಾಗಿ ತಿರುಗುವ ಗಡಿಯಾರ ಇಟ್ಟಿದ್ದರು. ಮೊದಲಿಂದ ಹೀಗೇ ಮಾಡ್ತಾ ಬಂದಿದ್ದೇವೆ ಎನ್ನುವವರಿಗೆ ಅದೇ ಉತ್ತರ. 1986ರ ಆಗಸ್ಟ್ 14ರಂದು ರಿಯರ್ ಅಡ್ಮಿರಲ್ ಆಗಿ, 79ನೇ ವಯಸ್ಸಿನಲ್ಲಿ ನಿವೃತ್ತರಾದಾಗ ಅವರೇ ಅಲ್ಲಿನ ಸೇನೆಯಲ್ಲಿ ಸೇವೆಯಲ್ಲಿದ್ದ ಅತ್ಯಂತ ಹಿರಿಯ ಅಧಿಕಾರಿ. 1992ರ ಜನವರಿ 1ರಂದು ತೀರಿಕೊಂಡರು. ಆಮೇಲೆ ಒಂದು ಯುದ್ಧನೌಕೆಗೆ ಅವರ ಹೆಸರಿಟ್ಟರು, 2016ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವ ಕೊಟ್ಟರು. ಅವರಿಗೆ ಮಾತ್ರ, ಕಂಪೈಲರ್‌ಗಿಂತಲೂ ತಾವು ಕಲಿಸಿದ ಹುಡುಗ ಹುಡುಗಿಯರ ಬಗ್ಗೆಯೇ ಹೆಚ್ಚು ಹೆಮ್ಮೆ ಇತ್ತು.

ನಮ್ಮ ಸಂಘದಲ್ಲೂ ಕೋಡಿಂಗ್ ಹೇಳಿಕೊಡುವ ಸೀನಿಯರ್‌ಗಳಿದ್ದಾರೆ. ಎರರ್ ಬಂದ ಕೋಡ್ ಅನ್ನು ಅಳಿಸದೇ, ಹಾಗೇ ಹಿಡಿದುಕೊಂಡು ಬನ್ನಿ. ಕೂತು ನೋಡೋಣ.