ವಾಸ್ಕೋ ಡ ಗಾಮ: ಕರಾವಳಿ ಬಲ್ಲ ಗಾಳಿ, ಅವನರಿಯದ ಕಡಲು

ಉಡುಪಿಯ ಮಲ್ಪೆಯಿಂದ ದೋಣಿಯೇರಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವವರಿಗೆ ಆ ಹೆಸರಿನ ಹಿಂದಿರುವ ನಾವಿಕನ ಪರಿಚಯವುಂಟು. ಭಾರತಕ್ಕೆ ಜಲಮಾರ್ಗ ಕಂಡುಹಿಡಿದವನೆಂದು ಶಾಲೆಯ ಪುಸ್ತಕಗಳು ಹೇಳುವ ವಾಸ್ಕೋ ಡ ಗಾಮನೇ ಅವನು. ಆದರೆ ಅವನು ದಾಟಿದ ಅರಬ್ಬೀ ಸಮುದ್ರ ಅಪರಿಚಿತವಾಗಿದ್ದುದು ಯುರೋಪಿಗೆ ಮಾತ್ರ.

ಪೋರ್ಚುಗಲ್ಲಿನ ಸಿನೆಸ್ ಎಂಬ ಕಡಲೂರಿನಲ್ಲಿ ಹುಟ್ಟಿದ ಗಾಮ, ದೊರೆ ಮನುಯೆಲ್‌ನ ಆಜ್ಞೆಯಂತೆ 1497ರ ಜುಲೈ 8ರಂದು ಲಿಸ್ಬನ್ನಿನಿಂದ ನಾಲ್ಕು ಹಡಗುಗಳೊಡನೆ ಹೊರಟನು. ಸುಮಾರು 170 ಮಂದಿ ಜೊತೆಗಿದ್ದರು. ಒಂದು ಹಡಗಿಗೆ ಅಣ್ಣ ಪಾವ್ಲೋ ನಾಯಕ. ನವೆಂಬರಿನಲ್ಲಿ ಗುಡ್‌ಹೋಪ್ ಭೂಶಿರವನ್ನು ಸುತ್ತುವರಿದು ಆಫ್ರಿಕದ ಪೂರ್ವ ಕರಾವಳಿ ಹಿಡಿಯುವಷ್ಟರಲ್ಲಿ ಸ್ಕರ್ವಿ ರೋಗ ನಾವಿಕರನ್ನು ಬಲಿ ತೆಗೆದುಕೊಳ್ಳತೊಡಗಿತ್ತು.

ಮಾಲಿಂದಿಯ ಅರಸನು ದಾರಿಬಲ್ಲ ಮಾರ್ಗದರ್ಶಿಯೊಬ್ಬನನ್ನು ಒದಗಿಸಿದನು. ಆತ ಗುಜರಾತಿನವನೆಂದು ಸಮಕಾಲೀನ ದಾಖಲೆಗಳ ಸೂಚನೆ. ಪ್ರಸಿದ್ಧ ಅರಬ್ ನಾವಿಕ ಇಬ್ನ್ ಮಾಜಿದನೇ ಆತನೆಂಬ ಹಳೆಯ ವಾದವನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. 1498ರ ಏಪ್ರಿಲ್ 24ರಂದು ಮಾಲಿಂದಿ ಬಿಟ್ಟ ಹಡಗುಗಳನ್ನು ನೈಋತ್ಯದ ಗಾಳಿ ತಳ್ಳಿತು. 23 ದಿನಗಳ ಬಳಿಕ ಮಲಬಾರಿನ ಬೆಟ್ಟಗಳು ಕಂಡವು. ಮೇ 20ರಂದು ಹಡಗುಗಳು ಕಲ್ಲಿಕೋಟೆಯ ಬಳಿ ಲಂಗರು ಹಾಕಿದವು.

ಕಲ್ಲಿಕೋಟೆಯಲ್ಲಿ ಗೆಲುವು ದೊರೆಯಲಿಲ್ಲ. ಬಟ್ಟೆ, ಟೋಪಿ, ಹವಳ, ಸಕ್ಕರೆ, ಜೇನುತುಪ್ಪಗಳ ಕಾಣಿಕೆಯನ್ನು ಕಂಡು ಸಾಮೂದಿರಿಯ ಅಧಿಕಾರಿಗಳು ನಕ್ಕರು. ವ್ಯಾಪಾರ ಕುದುರದೆ ಆಗಸ್ಟ್ 29ರಂದು ಗಾಮ ಅಲ್ಲಿಂದ ಹೊರಟನು.

ಉತ್ತರಕ್ಕೆ ಸಾಗುತ್ತ ಸೆಪ್ಟೆಂಬರ್ ಮಧ್ಯಭಾಗದಲ್ಲಿ ಕರಾವಳಿಯ ಒಂದು ನಡುಗಡ್ಡೆಯಲ್ಲಿ ಸಂತ ಮೇರಿಯ ಹೆಸರಿನ ಶಿಲಾಸ್ತಂಭವನ್ನು ನೆಡಿಸಿದನು. ಅದೇ ಮಲ್ಪೆಯ ದ್ವೀಪವೆಂದು ಪ್ರತೀತಿ. ಅಲ್ಲಿನವರು ದೋಣಿಗಳಲ್ಲಿ ಮೀನು ತಂದುಕೊಟ್ಟರು. ಪ್ರತಿಯಾಗಿ ಅಂಗಿಗಳನ್ನು ಪಡೆದರು. ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ಹಡಗುಗಳ ತಳ ಶುಚಿಗೊಳಿಸಿ, ಕಲ್ಲು ಕಟ್ಟಿದ ಕೊಳದಿಂದ ಸಿಹಿನೀರು ತುಂಬಿಕೊಂಡರು. ಗೋವೆಯ ಒಡೆಯನ ಸೇವೆಯಲ್ಲಿದ್ದ ಯಹೂದಿಯೊಬ್ಬ ಅಲ್ಲಿಗೆ ಬಂದಾಗ ಅವನನ್ನು ಗೂಢಚಾರನೆಂದು ಹಿಡಿದು ಹಿಂಸಿಸಿ ಒಯ್ದರು. ಮುಂದೆ ಅವನೇ ಗಾಸ್ಪರ್ ಡ ಗಾಮ ಎಂಬ ಹೆಸರು ಪಡೆದನು.

ಗಾಮನ ದೊಡ್ಡ ತಪ್ಪು ನಡೆದುದು ಇಲ್ಲಿಂದಲೇ. ಪಶ್ಚಿಮಕ್ಕೆ ಹೋಗುವ ಹಡಗುಗಳು ಈಶಾನ್ಯದ ಗಾಳಿ ನೆಲೆಗೊಳ್ಳುವವರೆಗೆ ಕಾಯಬೇಕೆಂಬುದು ಈ ಕಡಲಿನಲ್ಲಿ ತಲೆಮಾರುಗಳಿಂದ ಬಂದ ತಿಳಿವಳಿಕೆ. ಗಾಮ ಕಾಯಲಿಲ್ಲ. ಅಕ್ಟೋಬರ್ 5ರಂದೇ ಹಾಯಿ ಬಿಚ್ಚಿದನು. ಬರುವಾಗ 23 ದಿನ ಹಿಡಿದ ದಾರಿಗೆ ಹೋಗುವಾಗ ಮೂರು ತಿಂಗಳಿಗೆ ಮೂರೇ ದಿನ ಕಡಿಮೆಯಾಯಿತು. ನಿಶ್ಚಲ ಗಾಳಿ, ಎದುರುಗಾಳಿಗಳ ನಡುವೆ ಸ್ಕರ್ವಿಯಿಂದ ಇನ್ನೂ 30 ಮಂದಿ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಜನ ಮಾತ್ರ ಉಳಿದರು. 1499ರ ಜನವರಿ 2ರಂದು ಆಫ್ರಿಕದ ತೀರ ಕಂಡಿತು. ನಡೆಸುವವರಿಲ್ಲದೆ ಒಂದು ಹಡಗನ್ನು ಸುಟ್ಟುಹಾಕಬೇಕಾಯಿತು. ಅಸೋರ್ಸ್ ದ್ವೀಪಗಳಲ್ಲಿ ಪಾವ್ಲೋ ತೀರಿಕೊಂಡನು. ಅಣ್ಣನನ್ನು ಮಣ್ಣುಮಾಡಿ ಗಾಮ ತಡವಾಗಿ ಲಿಸ್ಬನ್ ಸೇರಿದನು. ಹೊರಟವರಲ್ಲಿ ಮೂರನೆಯ ಒಂದು ಭಾಗದಷ್ಟು ಜನ ಮಾತ್ರ ಮರಳಿದರು.

1502ರಲ್ಲಿ ಅವನು ಮತ್ತೆ ಬಂದುದು ತೋಪುಗಳೊಂದಿಗೆ. ಮೆಕ್ಕಾ ಯಾತ್ರೆಯಿಂದ ಮರಳುತ್ತಿದ್ದ ಹಡಗನ್ನು ಜನರ ಸಮೇತ ಸುಡಿಸಿದನು. ಭಟ್ಕಳವನ್ನು ಕಪ್ಪ ಕೊಡುವಂತೆ ಬೆದರಿಸಿದನು. 1524ರಲ್ಲಿ ವೈಸರಾಯನಾಗಿ ಮೂರನೆಯ ಸಲ ಬಂದು, ಅದೇ ವರ್ಷ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ಕೊನೆಯುಸಿರೆಳೆದನು.

ಅವನು ಇಟ್ಟ ಸಂತಳ ಹೆಸರು ಮಲ್ಪೆಯ ಶಿಲಾಕಂಬಗಳ ದ್ವೀಪಕ್ಕೆ ಇಂದಿಗೂ ಅಂಟಿಕೊಂಡಿದೆ. ಗಾಳಿಯ ಕಾಲವನ್ನರಿತು ಅವನನ್ನು ಈ ದಡಕ್ಕೆ ತಲುಪಿಸಿದ ಮಾರ್ಗದರ್ಶಿಯ ಹೆಸರಿನಲ್ಲಿ ಒಂದು ಬಂಡೆಯೂ ಇಲ್ಲ.