ಪಾಠದಲ್ಲಿ ಒಂದೇ ಸಾಲು: ಅಮೃತಸರದ ವಕೀಲ ಸೈಫುದ್ದೀನ್ ಕಿಚ್ಲು ಯಾರು ಗೊತ್ತಾ?

ಜಲಿಯನ್‌ವಾಲಾ ಬಾಗ್ ಅಂದ ತಕ್ಷಣ ನಮಗೆ ನೆನಪಾಗೋದು ಜನರಲ್ ಡಯರ್, ಆ ಬಾವಿ, ಗೋಡೆ ಮೇಲಿನ ಗುಂಡಿನ ಗುರುತು. ಹೈಸ್ಕೂಲಿನ ಸಮಾಜ ಪುಸ್ತಕದಲ್ಲಿ ಅದಕ್ಕೂ ಮುಂಚೆ ಒಂದು ಸಾಲು ಬರುತ್ತೆ. ಡಾ. ಸತ್ಯಪಾಲ್ ಮತ್ತು ಡಾ. ಸೈಫುದ್ದೀನ್ ಕಿಚ್ಲು ಅವರನ್ನು ಸರ್ಕಾರ ಬಂಧಿಸಿತು ಅಂತ. ಒಂದು ಅಂಕದ ಪ್ರಶ್ನೆ. ಪರೀಕ್ಷೆ ಮುಗಿದ ಮೇಲೆ ಮರೆತುಬಿಡ್ತೀವಿ.

ಇಬ್ಬರ ಹೆಸರಿನ ಮುಂದೆಯೂ ಡಾಕ್ಟರ್ ಇದೆ. ಸತ್ಯಪಾಲ್ ನಿಜವಾಗಿಯೂ ರೋಗಿಗಳನ್ನು ನೋಡುತ್ತಿದ್ದ ಡಾಕ್ಟರ್. ಆದರೆ ಕಿಚ್ಲು ವಕೀಲರು. ಜರ್ಮನಿಯಲ್ಲಿ ಪಿಎಚ್‌ಡಿ ಮಾಡಿದ್ದರಿಂದ ಆ ಬಿರುದು ಬಂತು.

ಹುಟ್ಟಿದ್ದು 1888ರಲ್ಲಿ, ಅಮೃತಸರದ ಒಂದು ಕಾಶ್ಮೀರಿ ಮುಸ್ಲಿಂ ಕುಟುಂಬದಲ್ಲಿ. ತಂದೆಯದು ಪಶ್ಮೀನಾ ಶಾಲು, ಕೇಸರಿ ವ್ಯಾಪಾರ. ಮಗ ಇಂಗ್ಲೆಂಡಿಗೆ ಹೋಗಿ ಕೇಂಬ್ರಿಡ್ಜ್‌ನಲ್ಲಿ ಓದಿ, ಬ್ಯಾರಿಸ್ಟರ್ ಆಗಿ ವಾಪಸ್ ಬಂದರು. ತಾವಾಯಿತು, ತಮ್ಮ ಕೇಸಾಯಿತು ಅಂತ ಇದ್ದಿದ್ದರೆ ಆರಾಮಾಗಿ ಬದುಕಬಹುದಿತ್ತು.

1919ರಲ್ಲಿ ರೌಲತ್ ಕಾಯ್ದೆ ಬಂತು. ವಿಚಾರಣೆ ಇಲ್ಲದೆ ಯಾರನ್ನು ಬೇಕಾದರೂ ಒಳಗೆ ಹಾಕಬಹುದಾದ ಕಾಯ್ದೆ. ಕಾನೂನು ಓದಿದ ಕಿಚ್ಲು ಅವರಿಗೆ ಇದರ ಅಪಾಯ ಏನು ಅಂತ ಬೇಗ ಗೊತ್ತಾಯಿತು. ಅವರು, ಸತ್ಯಪಾಲ್ ಸೇರಿ ಅಮೃತಸರದಲ್ಲಿ ಸಭೆ ಮಾಡಿದರು. ಇಬ್ಬರೂ ಭಾಷಣ ಮಾಡುವಂತಿಲ್ಲ ಅಂತ ಸರ್ಕಾರ ಆದೇಶ ಹೊರಡಿಸಿತು. ಆದರೂ ಮಾರ್ಚ್ 30, ಏಪ್ರಿಲ್ 6 ಎರಡೂ ದಿನ ಊರೆಲ್ಲ ಹರತಾಳ. ಬಂದ್ ಅಂದರೆ ನಮ್ಮ ಅಂಗಡಿಯವರಿಗೆ ಮೊದಲು ಬರೋದು ಕಲ್ಲಿನ ಭಯ. ಅಲ್ಲಿ ಎರಡು ದಿನವೂ ಗಲಾಟೆ ಆಗಲಿಲ್ಲ, ಶಾಂತವಾಗಿ ಮುಗಿಯಿತು.

ಏಪ್ರಿಲ್ 9ಕ್ಕೆ ರಾಮನವಮಿ. ಆ ಕಾಲದಲ್ಲಿ ರೈಲ್ವೆ ಸ್ಟೇಷನ್‌ನಲ್ಲೂ ಹಿಂದೂಗಳಿಗೆ ಬೇರೆ ನೀರು, ಮುಸ್ಲಿಮರಿಗೆ ಬೇರೆ ನೀರು. ಒಬ್ಬರು ಮುಟ್ಟಿದ್ದನ್ನು ಇನ್ನೊಬ್ಬರು ಕುಡಿಯುತ್ತಿರಲಿಲ್ಲ. ಅವತ್ತಿನ ಮೆರವಣಿಗೆಯಲ್ಲಿ ಮುಸ್ಲಿಮರೂ ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಹಿಂದೂ, ಮುಸ್ಲಿಂ ಎಲ್ಲ ಒಂದೇ ಲೋಟದಲ್ಲಿ ನೀರು ಕುಡಿದರು. ಡೆಪ್ಯುಟಿ ಕಮಿಷನರ್ ಮೈಲ್ಸ್ ಇರ್ವಿಂಗ್ ಬ್ಯಾಂಕಿನ ವರಾಂಡದಲ್ಲಿ ನಿಂತು ಈ ಮೆರವಣಿಗೆ ನೋಡಿದ. ಯಾರ ಮೇಲೂ ಒಂದು ಕಲ್ಲು ಬೀಳಲಿಲ್ಲ. ಆದರೂ ಸರ್ಕಾರಕ್ಕೆ ಈ ಒಗ್ಗಟ್ಟು ನೋಡಿಯೇ ಹೆದರಿಕೆ ಆಯಿತು.

ಮರುದಿನ ಬೆಳಿಗ್ಗೆ ಇಬ್ಬರನ್ನೂ ಇರ್ವಿಂಗ್ ತನ್ನ ಬಂಗಲೆಗೆ ಕರೆಸಿದ. ಅಲ್ಲಿಂದಲೇ ಕಾರಿನಲ್ಲಿ ಕೂರಿಸಿ ಧರ್ಮಶಾಲಾಕ್ಕೆ ಸಾಗಿಸಿಬಿಟ್ಟರು. ಸುದ್ದಿ ಗೊತ್ತಾಗಿ ಜನ ಅವರನ್ನು ಬಿಡಿ ಅಂತ ಕೇಳೋಕೆ ಹೊರಟರು. ರೈಲ್ವೆ ಸೇತುವೆ ಹತ್ತಿರ ಗುಂಡು ಹಾರಿತು, ಜನ ಸತ್ತರು. ಸಿಟ್ಟಿಗೆದ್ದ ಗುಂಪು ಬ್ಯಾಂಕುಗಳಿಗೆ ನುಗ್ಗಿ ಬೆಂಕಿ ಹಚ್ಚಿತು, ಐದು ಜನ ಯುರೋಪಿಯನ್ನರನ್ನು ಕೊಂದಿತು. ಅಷ್ಟು ದಿನ ಕಾಪಾಡಿಕೊಂಡು ಬಂದ ಶಾಂತಿ ಒಂದೇ ಮಧ್ಯಾಹ್ನದಲ್ಲಿ ಹೋಯಿತು.

ಏಪ್ರಿಲ್ 13, ಬೈಸಾಖಿ ದಿನ. ಸ್ವರ್ಣಮಂದಿರದ ಪಕ್ಕದ ಬಾಗ್‌ನಲ್ಲಿ ಸಭೆ ಸೇರಿತು. ಬಂಧನದಲ್ಲಿದ್ದ ಕಿಚ್ಲು ಅವರ ಫೋಟೋವನ್ನೇ ಅಧ್ಯಕ್ಷರ ಕುರ್ಚಿಯಲ್ಲಿ ಇಟ್ಟಿದ್ದರು ಅಂತ ಹೇಳುತ್ತಾರೆ. ಡಯರ್ ಹಾರಿಸಿದ್ದು 1,650 ಗುಂಡು. ಸರ್ಕಾರಿ ಲೆಕ್ಕದಲ್ಲಿ ಸತ್ತವರು 379, ಕಾಂಗ್ರೆಸ್ ತನಿಖೆ ಪ್ರಕಾರ ಸುಮಾರು ಸಾವಿರ. ಸತ್ತವರಲ್ಲಿ ಸಿಖ್ಖರು, ಹಿಂದೂಗಳು, ಮುಸ್ಲಿಮರು ಎಲ್ಲರೂ ಇದ್ದರು.

ಕಿಚ್ಲು ಅವರಿಗೆ ಜೀವಾವಧಿ ಗಡಿಪಾರು ಶಿಕ್ಷೆಯಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ರಾಜನ ಕ್ಷಮಾದಾನದಲ್ಲಿ ಬಿಡುಗಡೆಯೂ ಆಯಿತು. ಹೊರಗೆ ಬಂದವರು ವಕೀಲಿಕೆ ಬಿಟ್ಟು ಚಳವಳಿಗೇ ನಿಂತರು. 1921ರಲ್ಲಿ ಕರಾಚಿಯಲ್ಲಿ ಮತ್ತೆ ಕೇಸು. ಅಲಿ ಸಹೋದರರ ಜೊತೆ ಆ ಕಟಕಟೆಯಲ್ಲಿ ಒಬ್ಬ ಶಂಕರಾಚಾರ್ಯರೂ ಇದ್ದರು. ಅವರೇ ಭಾರತೀ ಕೃಷ್ಣ ತೀರ್ಥರು, ಮುಂದೆ ವೇದಗಣಿತ ಪುಸ್ತಕದಿಂದ ಹೆಸರಾದವರು. ಸನ್ಯಾಸಕ್ಕೆ ಮುಂಚೆ ಅವರು ನಮ್ಮ ಶೃಂಗೇರಿಯಲ್ಲಿ ವರ್ಷಗಟ್ಟಲೆ ಇದ್ದು ಅಧ್ಯಯನ ಮಾಡಿದ್ದರು. ಸ್ವಾಮಿಗಳು ಖುಲಾಸೆ ಆದರು, ಕಿಚ್ಲು ಅವರಿಗೆ ಎರಡು ವರ್ಷ ಜೈಲು.

1924ರಲ್ಲಿ ನಾಭಾ ಸಂಸ್ಥಾನದ ಜೈತೋ ಊರಲ್ಲಿ ಅಕಾಲಿ ಸಿಖ್ಖರ ಹೋರಾಟ ನಡೆದಿತ್ತು. ಗುರುದ್ವಾರದಲ್ಲಿ ನಡೆಯುತ್ತಿದ್ದ ಗ್ರಂಥ ಪಾರಾಯಣವನ್ನು ಪೊಲೀಸರು ನಿಲ್ಲಿಸಿದ್ದೇ ಕಾರಣ. ಫೆಬ್ರವರಿ 21ಕ್ಕೆ 500 ಜನರ ಜಾಥಾ ಮೇಲೆ ಗುಂಡು ಹಾರಿತು. ಏನಾಗುತ್ತೆ ಅಂತ ಕಣ್ಣಾರೆ ನೋಡಲು ಹೋಗಿದ್ದ ಕಿಚ್ಲು ಅಲ್ಲೇ ಬಂಧನಕ್ಕೊಳಗಾದರು. ಪಾರಾಯಣ ಸಿಖ್ಖರದು, ಜೈಲಿಗೆ ಹೋದ ವಕೀಲ ಮುಸ್ಲಿಂ.

ಹಾಗಂತ ಅವರೇನು ತಪ್ಪೇ ಮಾಡದ ದೇವರಲ್ಲ. ಆ ವರ್ಷಗಳಲ್ಲೇ ಶುದ್ಧಿ, ಹಿಂದೂ ಸಂಘಟನೆ ಚಳವಳಿ ಜೋರಾದಾಗ ಕಿಚ್ಲು ಮುಸ್ಲಿಮರಿಗಾಗಿ ತಂಜೀಮ್ ಅನ್ನೋ ಸಂಘಟನೆ ಕಟ್ಟಿದರು. ಒಗ್ಗಟ್ಟಿನ ಮಾತಾಡಿದವರು ಈಗ ತಮ್ಮವರನ್ನು ಮಾತ್ರ ನೋಡುತ್ತಿದ್ದಾರೆ ಅಂತ ಟೀಕೆ ಬಂತು. ಆ ಟೀಕೆಯಲ್ಲಿ ಹುರುಳಿತ್ತು. ಆದರೆ ಅವರು ಅಲ್ಲೇ ನಿಂತುಬಿಡಲಿಲ್ಲ. 1929ರಲ್ಲಿ ಲಾಹೋರ್‌ನಲ್ಲಿ ಪೂರ್ಣ ಸ್ವರಾಜ್ಯದ ನಿರ್ಣಯ ಆದ ಕಾಂಗ್ರೆಸ್ ಅಧಿವೇಶನಕ್ಕೆ ಸ್ವಾಗತ ಸಮಿತಿ ಅಧ್ಯಕ್ಷರು ಇದೇ ಕಿಚ್ಲು.

ಆಮೇಲೆ 1947. ದೇಶ ಒಡೆಯೋದನ್ನು ಅವರು ಕೊನೆವರೆಗೂ ವಿರೋಧಿಸಿದರು. ಅಮೃತಸರದಿಂದ ಮುಸ್ಲಿಮರು ಗುಂಪು ಗುಂಪಾಗಿ ಗಡಿ ದಾಟಿ ಹೋದರು. ಲಾಹೋರ್ ಕಡೆಯಿಂದ ಹಿಂದೂಗಳು, ಸಿಖ್ಖರು ಹಾಗೇ ಈ ಕಡೆ ಬಂದರು. ಆ ಗಲಭೆಯಲ್ಲಿ ಕಿಚ್ಲು ಅವರ ಮನೆಯೂ ಸುಟ್ಟುಹೋಯಿತು. ಯಾವ ಊರಿನ ಜನ ಇವರನ್ನು ಬಿಡಿಸೋಕೆ ಅಂತ ಹೋಗಿ ಗುಂಡು ತಿಂದಿದ್ದರೋ, ಅದೇ ಊರಲ್ಲಿ.

ಲಾಹೋರ್ ಅಲ್ಲಿಂದ ಐವತ್ತು ಕಿಲೋಮೀಟರ್ ಚಿಲ್ಲರೆ. ಅವರು ಆ ಕಡೆ ಹೋಗಲಿಲ್ಲ, ದೆಹಲಿಗೆ ಬಂದರು. ಕಾಂಗ್ರೆಸ್‌ನಿಂದ ದೂರವಾಗಿ ಎಡಪಕ್ಷದವರಿಗೆ ಹತ್ತಿರವಾದರು, ಶಾಂತಿ ಚಳವಳಿಗೆ ದುಡಿದರು. ಸೋವಿಯತ್ ದೇಶ ಅವರಿಗೆ 1952ರ ಸ್ಟಾಲಿನ್ ಶಾಂತಿ ಪ್ರಶಸ್ತಿ ಕೊಟ್ಟಿತು. ಜಲಿಯನ್‌ವಾಲಾ ಬಾಗ್ ಸ್ಮಾರಕಕ್ಕೆ 1951ರಲ್ಲಿ ಕಾಯ್ದೆ ಬಂದಾಗ ಆಜೀವ ಟ್ರಸ್ಟಿಗಳಾಗಿ ಮೂರು ಹೆಸರು ಬರೆದರು: ನೆಹರು, ಮೌಲಾನಾ ಆಜಾದ್, ಕಿಚ್ಲು. 1963ರ ಅಕ್ಟೋಬರ್ 9ರಂದು ದೆಹಲಿಯಲ್ಲಿ ತೀರಿಕೊಂಡರು.

ಬಾಂಧವ್ಯ ಅನ್ನೋದು ಒಂದು ಸಲ ಕಟ್ಟಿ ಬೀಗ ಹಾಕಿ ಇಡೋ ವಸ್ತು ಅಲ್ಲ ಅಂತ ಈ ಬದುಕು ನೋಡಿದರೆ ಗೊತ್ತಾಗುತ್ತೆ. 1919ರಲ್ಲಿ ಒಂದೇ ಲೋಟದ ನೀರು ಕುಡಿದ ಊರು 28 ವರ್ಷಕ್ಕೆ ಹೊತ್ತಿ ಉರಿಯಿತು. ಮನೆ ಸುಟ್ಟ ಮೇಲೂ ಆ ಮನುಷ್ಯ ತನ್ನ ಮಾತು ಬದಲಿಸಲಿಲ್ಲ. ಮುಂದಿನ ಏಪ್ರಿಲ್ 13ಕ್ಕೆ ಹುತಾತ್ಮರ ಫೋಟೋ ಸ್ಟೇಟಸ್‌ಗೆ ಹಾಕುವಾಗ, ಅದಕ್ಕೆ ನಾಲ್ಕು ದಿನ ಮುಂಚಿನ ರಾಮನವಮಿಯನ್ನೂ ಒಂದು ಸಲ ನೆನೆಸಿಕೊಳ್ಳಿ.